ಪ್ರಸಾದ ಬಲಕ್ಕೆ ಬಿತ್ತು

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ನನಗೆ ಹೇಳದವರೇ ಇಲ್ಲ. ನಮ್ಮ ಹೊನ್ನಾವರದ ಮನೆಯಲ್ಲಿ ಅದು ಉಣ್ಣಲು ಕೂತಾಗಲೇ ಶುರುವಾಗುತ್ತಿತ್ತು. ಸಾರಿಗೆ ಉಪ್ಪು ಕಡಿಮೆ, ಬ್ಯಾಂಕಿನ ಕೆಲಸ ಮುಗಿಸಿ ನಾನು ಬಂದದ್ದು ತಡ, ಏನಾದರೊಂದು ನೆಪ. ಎಡಗೈ ಮುರಿದ ಮೇಲೆ ಬಾಡ ಎಂಬ ಊರಿನ ತವರಿಗೆ ಬಂದುಬಿಟ್ಟೆ.

ಕೈಗೆ ಕುಮಟಾದಲ್ಲಿ ಪ್ಲಾಸ್ಟರ್ ಹಾಕಿದರು. ಬಾಯಿಗೆ ಹಾಕುವವರು ಊರಲ್ಲೇ ಬೇಕಾದಷ್ಟಿದ್ದರು. ಅವನಿಗೆ ಸಿಟ್ಟು ಜಾಸ್ತಿ, ಮನಸ್ಸು ಒಳ್ಳೆಯದು ಎಂದರು. ಮನಸ್ಸನ್ನು ಇವರು ಯಾವಾಗ ನೋಡಿದರೋ, ನಾನು ನೋಡಿದ್ದು ಅವನ ಕೈಯನ್ನು ಮಾತ್ರ.

ನನ್ನನ್ನು ವಾಪಸ್ ಕಳಿಸುವುದೋ ಬೇಡವೋ ಎಂದು ಮನೆಯಲ್ಲಿ ತೀರ್ಮಾನವಾಗಲಿಲ್ಲ. ದೊಡ್ಡಪ್ಪ ದೇವಸ್ಥಾನದಲ್ಲಿ ಪ್ರಸಾದ ಕೇಳೋಣ ಎಂದ. ನಮ್ಮಲ್ಲಿ ಹೆಣ್ಣು ನೋಡುವುದರಿಂದ ದೋಣಿ ಕೊಳ್ಳುವ ತನಕ ಎಲ್ಲದಕ್ಕೂ ಇದೇ. ಮೂರ್ತಿಗೆ ಒದ್ದೆ ಹೂವಿನ ಎಸಳು ಅಂಟಿಸುತ್ತಾರೆ, ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಇಲ್ಲ. ಮುರಿದದ್ದು ನನ್ನ ಮೂಳೆ, ಉತ್ತರ ಹೇಳುವುದು ಎಸಳು! ಹಲ್ಲು ಕಚ್ಚಿಕೊಂಡು ನಿಂತೆ. ಅಮ್ಮ ಪಕ್ಕದಲ್ಲಿ ಕೈಮುಗಿದುಕೊಂಡಿದ್ದಳು.

ಎಸಳು ಬಲಕ್ಕೆ ಬಿತ್ತು. ದೊಡ್ಡಪ್ಪನ ಮುಖ ಅರಳಿತು.

"ಇನ್ನೊಂದು ಕೇಳಿ," ಎಂದೆ ಪೂಜೆಯವರಿಗೆ. "ಅಂವ ಮತ್ತೆ ಹೊಡೀತ್ನಾ ಇಲ್ವಾ, ಅದ್ನೂ ಕೇಳಿ."

"ಅಂಥದ್ದೆಲ್ಲ ದೇವರ ಹತ್ರ ಕೇಳೂದಲ್ಲ ತಂಗಿ," ಎಂದು ಅವರು ಹೂವಿನ ತಟ್ಟೆಯನ್ನು ಬದಿಗೆ ಸರಿಸಿದರು.

ಮಾರನೆಯ ದಿನವೇ ಗಂಡ ಅಂಗಳದಲ್ಲಿ ರಿಕ್ಷಾ ತಂದು ನಿಲ್ಲಿಸಿದ. ದೊಡ್ಡಪ್ಪನೇ ಫೋನ್ ಮಾಡಿದ್ದನಂತೆ.

"ದೇವರೇ ಹೇಳಿದ ಮೇಲೆ ಇನ್ನೆಂತ? ಕಳ್ಸಿ," ಎಂದ ಗಂಡ.

ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಮೆಟ್ಟಿಲಿಗೆ ಬಂದಳು. "ದೇವರು ಹೇಳಿದ್ರೆ ದೇವರನ್ನೇ ಕರ್ಕಂಡು ಹೋಗು. ನನ್ನ ಮಗಳು ಬರೂದಿಲ್ಲ."

ರಿಕ್ಷಾ ಖಾಲಿ ಹೋಯಿತು. ದೊಡ್ಡಪ್ಪ ಇವತ್ತಿಗೂ ನಮ್ಮ ಮನೆಯಲ್ಲಿ ನೀರು ಮುಟ್ಟುವುದಿಲ್ಲ. ಮುಟ್ಟದಿರಲಿ.

ಕುಮಟಾದ ಬಸ್ಸಿನಲ್ಲಿ ಈಗಲೂ ಯಾರಾದರೂ ಕೇಳುತ್ತಾರೆ, "ಎಂತ, ಎಲ್ಲ ಸರಿ ಆತಾ?" ಅವರ ಪ್ರಕಾರ ಸರಿಯಾಗುವುದೆಂದರೆ ನಾನು ಅವನ ಮನೆಗೆ ಹೋಗುವುದು. ಮೈ ಉರಿಯುತ್ತದೆ. ಅಮ್ಮನ ಮೇಲೂ ಸಿಟ್ಟಿದೆ. ಮೊದಲ ಸಲ ತುಟಿ ಒಡೆದುಕೊಂಡು ಬಂದಾಗ "ಹೊಂದ್ಕಂಡು ಹೋಗು" ಎಂದು ನನ್ನನ್ನು ಬಸ್ಸು ಹತ್ತಿಸಿದವಳೂ ಅವಳೇ. ಮೆಟ್ಟಿಲ ಮೇಲೆ ಆಡಿದ ಮಾತನ್ನು ಅವತ್ತೇ ಆಡಿದ್ದರೆ ಈ ಕೈ ನೆಟ್ಟಗಿರುತ್ತಿತ್ತು. ಒಂದು ದಿನ ಇದನ್ನು ಅವಳ ಮುಖಕ್ಕೇ ಹೇಳಿದೆ.

ಅವಳು ಎದ್ದು ಒಳಗೆ ಹೋದಳು. ಕೊಬ್ಬರಿ ಎಣ್ಣೆ ಬಿಸಿ ಮಾಡಿ ತಂದು ನನ್ನ ಕೈ ತಿಕ್ಕತೊಡಗಿದಳು. ಆ ಕೈಯನ್ನು ಯಾರು ಮುಟ್ಟಿದರೂ ನಾನು ಬೆಚ್ಚಿ ಹಿಂದಕ್ಕೆಳೆದುಕೊಳ್ಳುತ್ತಿದ್ದೆ. ಅವತ್ತು ಎಳೆದುಕೊಳ್ಳಲಿಲ್ಲ.