ಗೇಟಿನಾಚೆಯ ಬೆಂಕಿ

ಅಗ್ನಿಶಾಮಕ ಠಾಣೆಯಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದುದೇ ಸಿಡಿಮಿಡಿ ಎಂದು. ಗಾಡಿ ತೊಳೆಯುವಾಗಲೂ ಬೈಗುಳ, ಊಟಕ್ಕೆ ಕೂತಾಗಲೂ ಬೈಗುಳ. ಬೆಂಕಿಯ ಗಂಟೆ ಹೊಡೆಯಿತೆಂದರೆ ಮಾತ್ರ ಬಾಯಿ ಮುಚ್ಚಿ ಸ್ಟಿಯರಿಂಗ್ ಹಿಡಿಯುತ್ತಿದ್ದ. ಠಾಣೆಯ ಮುಂದಿನ ರಸ್ತೆ ನೇರ ಸೇತುವೆಗೆ ಹೋಗುತ್ತದೆ. ಸೇತುವೆ ದಾಟಿದರೆ ಬೇರೆ ದೇಶ. ಅವನ ಅಕ್ಕನನ್ನು ಕೊಟ್ಟಿದ್ದು ಅಲ್ಲಿಗೇ. ಅವಳು ಅಲ್ಲಿನ ಹಾಸಿಗೆ ಕಾರ್ಖಾನೆಯಲ್ಲಿ ಹೊಲಿಗೆಯವಳು. ಎರಡೂ ದಡದವರಿಗೆ ನಡೆದು ಹೋಗಿಬರಲು ಪಾಸ್ ಕೊಟ್ಟಿದ್ದರು.

ಆ ಚಳಿಗಾಲದಲ್ಲಿ ಎರಡೂ ದೇಶದವರು ಸೇರಿ ವಿಪತ್ತು ನಿರ್ವಹಣೆಯ ಜಂಟಿ ಅಭ್ಯಾಸ ನಡೆಸಿದರು. ಶಾಮಿಯಾನ ಎದ್ದಿತು, ಭಾಷಣಗಳಾದವು. ಆಚೆ ದಡದಲ್ಲಿ ಹಳೇ ಟೈರುಗಳಿಗೆ ಬೆಂಕಿ ಇಟ್ಟರು. ಸಿಡಿಮಿಡಿ ಗಾಡಿ ಓಡಿಸಿಕೊಂಡು ಹೋಗಿ ಆರಿಸಿದ. ನೆರೆಹೊರೆ ಅಂದರೆ ಹೀಗಿರಬೇಕು ಎಂದು ದೊಡ್ಡವರು ಕೈ ಕೈ ಕುಲುಕಿದರು.

ಬೇಸಿಗೆಯ ಒಂದು ಮಧ್ಯಾಹ್ನ ಹಾಸಿಗೆ ಕಾರ್ಖಾನೆಗೆ ನಿಜವಾಗಿಯೇ ಬೆಂಕಿ ಬಿತ್ತು. ಆಚೆಯವರ ಠಾಣೆ ಗುಡ್ಡದ ಹಿಂದೆ, ಬಹಳ ದೂರ. ಸಿಡಿಮಿಡಿ ಗಾಡಿ ತಂದು ಸೇತುವೆಯ ಗೇಟಿಗೆ ನಿಲ್ಲಿಸಿದ. ಕಾವಲುಗಾರ ಫೋನು ಕಿವಿಗಿಟ್ಟುಕೊಂಡೇ ತಲೆ ಅಲ್ಲಾಡಿಸಿದ.

"ಆಗಲ್ಲಣ್ಣ. ಗಾಡಿಗೆ ಎರಡೂ ಕಡೆಯಿಂದ ಅಪ್ಪಣೆ ಬರಬೇಕು."

"ಅವತ್ತು ನೀನೇ ಸಲಾಮ್ ಹೊಡೆದು ತೆಗೆದ್ಯಲ್ಲ?"

"ಅದು ಅಭ್ಯಾಸ. ಅದಕ್ಕೆ ಅಪ್ಪಣೆ ಇತ್ತು."

"ಸುಳ್ಳು ಬೆಂಕಿಗೆ ಇರುತ್ತೆ, ನಿಜವಾದ್ದಕ್ಕೆ ಇರಲ್ಲ ಅನ್ನು. ನಡ್ಕೊಂಡಾದ್ರೂ ಹೋಗ್ಬಹುದಾ?"

"ಪಾಸ್ ಇದ್ರೆ ಹೋಗಿ. ಆದ್ರೆ ಸಮವಸ್ತ್ರ ಬಿಚ್ಚಿಟ್ಟು ಹೋಗ್ಬೇಕು. ಇಲ್ದಿದ್ರೆ ನಮ್ಮ ಪಡೆ ಅವರ ದೇಶಕ್ಕೆ ನುಗ್ಗಿದ ಹಾಗಾಗುತ್ತೆ."

ಬೆಂಕಿ ತಡೆಯಲೆಂದೇ ಹೊಲಿದ ಕೋಟನ್ನು ಬಿಚ್ಚಿಟ್ಟು ಬೆಂಕಿಗೆ ಹೋಗಬೇಕು! ಯಾವ ಪುಣ್ಯಾತ್ಮ ಬರೆದ ನಿಯಮವೋ. ಸಿಡಿಮಿಡಿಯೂ ಅವನ ಜೊತೆಯವರೂ ಬನಿಯನ್ನಿನಲ್ಲೇ ಸೇತುವೆಯುದ್ದಕ್ಕೂ ಓಡಿದರು. ನೀರು ತುಂಬಿದ ಗಾಡಿ ಗೇಟಿನ ಈಚೆ ಸುಮ್ಮನೆ ನಿಂತಿತ್ತು.

ಅಲ್ಲಿನ ಜನರೊಂದಿಗೆ ಸೇರಿ ಹಿಂಬಾಗಿಲು ಒಡೆದು ಹೆಂಗಸರನ್ನು ಹೊರಗೆಳೆದರು. ಅಕ್ಕ ಕೆಮ್ಮುತ್ತಾ ಬಂದಳು. ಅವಳ ಪಕ್ಕದ ಮೆಷಿನ್ನಿನವಳು ಬರಲೇ ಇಲ್ಲ. ಸಿಡಿಮಿಡಿಯ ಎರಡೂ ತೋಳು ಸುಟ್ಟವು. ಗಾಡಿಗೆ ಅಪ್ಪಣೆ ಬಂದಾಗ ಆರಿಸಲು ಉಳಿದದ್ದು ಬೂದಿ.

ಮುಂದಿನ ಅಭ್ಯಾಸಕ್ಕೆ ಅವನೇ ಗಾಡಿ ಓಡಿಸಬೇಕು, ಅಲ್ಲೇ ಪದಕ ಕೊಡುತ್ತೇವೆ ಎಂದರು. ಅವನು ಗಾಡಿಯನ್ನು ಗೇಟಿನವರೆಗೆ ತಂದು, ಎಂಜಿನ್ ಆರಿಸಿ, ಕೀಲಿ ಜೇಬಿಗಿಳಿಸಿದ. ಮೇಲಧಿಕಾರಿ ಓಡಿಬಂದರು.

"ಏನ್ರೀ ಇದು? ಅತಿಥಿಗಳು ಕಾಯ್ತಿದಾರೆ."

"ನಿಜವಾದ ಬೆಂಕಿಗೂ ಗೇಟ್ ತೆಗಿತೀವಿ ಅಂತ ಎರಡೂ ಕಡೆಯವರು ಬರ್ಕೊಡಿ ಸಾರ್. ಆಮೇಲೆ ಹೊರಡ್ತೀನಿ."

"ಆ ಒಪ್ಪಂದ ಪರಿಶೀಲನೆಯಲ್ಲಿದೆ."

"ಹಾಗಾದ್ರೆ ನನ್ನ ಗಾಡೀನೂ ಪರಿಶೀಲನೆಯಲ್ಲಿದೆ."

ಬೇರೆ ಚಾಲಕನನ್ನು ಕರೆಸಿದರು. ಟೈರುಗಳ ಬೆಂಕಿ ಸಾಂಗವಾಗಿ ಆರಿತು. ಸಿಡಿಮಿಡಿಯನ್ನು ಉದ್ಯಾನಗಳಿಗೆ ನೀರು ಹಾಕುವ ಟ್ಯಾಂಕರಿಗೆ ಎತ್ತಿಹಾಕಿದರು.

ಸುದ್ದಿ ಕೇಳಿ ಅಕ್ಕ ಬಂದಳು. "ನಾಲಿಗೆ ಒಂಚೂರು ಹಿಡಿತದಲ್ಲಿಟ್ಕೊಂಡಿದ್ರೆ ನಿನ್ನ ಗಂಟೇನು ಹೋಗ್ತಿತ್ತೋ?" ಎಂದು ಬೈದು, ಅವನ ತೋಳಿಗೆ ಮುಲಾಮು ಹಚ್ಚಿದಳು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದಳು: "ಕಾರ್ಖಾನೆ ಮತ್ತೆ ಶುರುವಾಗಿದೆ. ಪಕ್ಕದ ಮೆಷಿನ್ನಿಗೆ ಅವಳ ಮಗಳೇ ಬಂದಿದಾಳೆ."

ಮರುದಿನ ಅವನು ಒಪ್ಪಂದ ಎಲ್ಲಿಗೆ ಬಂತೆಂದು ಕೇಳಲು ಮೇಲಧಿಕಾರಿಯ ಕಚೇರಿಗೆ ಹೋದ. ಈಗಲೂ ತನಗೆ ಸಿಗುವ ರಜೆಗಳನ್ನೆಲ್ಲ ಅಲ್ಲಿಗೇ ಸುರಿಯುತ್ತಾನೆ. ಹೊರಗಿನ ಬೆಂಚಿನ ಮೇಲೆ ಕೂರಿಸುತ್ತಾರೆ. ಕೂರುತ್ತಾನೆ.