ಮಿಸ್ ಮನೆಯ ಜೋಳದ ಬಟ್ಟಲು

ಬೆಣ್ಣೆಯಲ್ಲಿ ಮುಸುಕಿನ ಜೋಳ ಬಾಡುವ ವಾಸನೆ ಇವತ್ತು ಮಧ್ಯಾಹ್ನ ನನ್ನ ಅಡುಗೆಮನೆ ತುಂಬಿದಾಗ ಹುಣಸೂರಿನ ಮಿಸ್ ನೆನಪಾದರು. ಚೀಸ್ ಹಾಕಿದ ಮೇಲಂತೂ ಪಕ್ಕದಲ್ಲೇ ಬಂದು ನಿಂತಂತಾಯಿತು… ತಳ ಹಿಡಿದೀತೆಂಬ ಹೆದರಿಕೆಯಲ್ಲಿ ನಾನು ಸೌಟು ನಿಲ್ಲಿಸಲಿಲ್ಲ.

ಇಪ್ಪತ್ತು ವರ್ಷದ ಹಿಂದೆ ನಾವಿಬ್ಬರೂ ಒಂದೇ ಶಾಲೆಯಲ್ಲಿ ಪಾಠ ಮಾಡುತ್ತಿದ್ದೆವು. ಅವರು ವಿಜ್ಞಾನ, ನಾನು ಗಣಿತ. ಅವರಿಗೆ ಯಾರ ಹೆದರಿಕೆಯೂ ಇರಲಿಲ್ಲ, ನನಗೆ ಎಲ್ಲರದ್ದೂ ಇತ್ತು. ಆ ವರ್ಷ ಶಾಲೆಯ ಆಯಮ್ಮ ಕೆಲಸ ಬಿಡುವವರಿದ್ದರು. ಮೇಷ್ಟರು ನಿವೃತ್ತರಾದರೆ ಶಾಲು, ಹಾರ, ಭಾಷಣ. ಆಯಮ್ಮನಿಗೆ ಬಾಗಿಲ ಹೊರಗೆ ಒಂದು ಲೋಟ ಟೀ. ಆ ಲೋಟವೂ ನಮ್ಮ ಲೋಟಗಳ ಜೊತೆ ಸೇರದೆ ಕಿಟಕಿಯ ಮೇಲೆ ಬೋರಲು ಬಿದ್ದಿರುತ್ತಿತ್ತು. ಯಾಕೆಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಹೇಳುತ್ತಿರಲಿಲ್ಲ.

ಮಿಸ್ ಆಯಮ್ಮನಿಗಾಗಿ ತಮ್ಮ ಮನೆಯಲ್ಲೇ ಪಾರ್ಟಿ ಇಟ್ಟು ನಮ್ಮನ್ನೆಲ್ಲ ಕರೆದರು. ಕಂಪಲಾಪುರದಿಂದ ಎಳೆ ತೆನೆ ತರಿಸಿದರು. ಚೀಸನ್ನು ಮೈಸೂರಿನಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ಬಸ್ಸಿನಲ್ಲಿ ತಂದರು. ಬೆಣ್ಣೆ, ಹಾಲು, ಒಂದಿಷ್ಟು ಮೈದಾ, ಹಸಿಮೆಣಸಿನಕಾಯಿ. ಚೀಸ್ ನೂಲೆಳೆಯಾಗುವ ತನಕ ಮುದ್ದೆ ಕೋಲಿನಲ್ಲಿ ತಿರುವಿದರು. ಅದ್ದಿಕೊಳ್ಳಲು ಗರಿಗರಿ ಅಕ್ಕಿರೊಟ್ಟಿಯ ಚೂರು. ನಡುಮನೆಯಲ್ಲಿ ಚಾಪೆ, ಚಾಪೆಯ ಮಧ್ಯೆ ಹಬೆಯಾಡುವ ಒಂದೇ ದೊಡ್ಡ ಬಟ್ಟಲು.

ಆಗ ನಮಗೆ ಅರ್ಥವಾಯಿತು. ಎಲ್ಲರೂ ಅದೇ ಬಟ್ಟಲಿಗೆ ಕೈ ಹಾಕಬೇಕು. ಮೇಷ್ಟರೊಬ್ಬರು ಎಂಜಲಾಗುತ್ತದಲ್ಲ ಎಂದು ಸಣ್ಣ ತಟ್ಟೆ ಕೇಳಿದರು. ತಟ್ಟೆ ಇಲ್ಲ ಎಂದರು ಮಿಸ್, ತಟ್ಟೆಗಳ ಸ್ಟ್ಯಾಂಡಿನ ಮುಂದೆಯೇ ನಿಂತು.

ಆಯಮ್ಮ ಹೊಸ್ತಿಲಾಚೆ ನಿಂತಿದ್ದರು. "ನಂಗೊಂಚೂರು ಎಲೆಗೆ ಆಕ್ಕೊಡಿ ಮಿಸ್ಸು, ಇಲ್ಲೇ ಕುಂತ್ಕತೀನಿ."

"ಇವತ್ತು ಆಚೆ ಯಾರೂ ಕೂರಂಗಿಲ್ಲ ಕಣಮ್ಮ. ಒಳಿಕ್ಕೆ ಬನ್ನಿ, ಮೊದ್ಲು ನೀವೇ ಅದ್ದಿ," ಎಂದರು ಮಿಸ್.

ಆಯಮ್ಮ ಬಂದು ಅದ್ದಿದರು. ಒಂದು ಕಾಳು ಜಾರಿ ಚಾಪೆಯ ಮೇಲೆ ಬಿತ್ತು. ಆಮೇಲೆ ಯಾರೂ ಅಲ್ಲಾಡಲಿಲ್ಲ. ಇಬ್ಬರಿಗೆ ಪಿರಿಯಾಪಟ್ಟಣದ ಬಸ್ಸು ನೆನಪಾಯಿತು, ಇನ್ನೊಬ್ಬರಿಗೆ ಹೊಟ್ಟೆನೋವು ಬಂತು. ಮಿಸ್ ನನ್ನತ್ತ ತಿರುಗಿದರು. ಇವತ್ತು ಶನಿವಾರ, ನಾನು ಒಪ್ಪತ್ತು ಎಂದೆ.

"ಇವತ್ತು ಶುಕ್ರವಾರ ಕಣಪ್ಪ."

ಬೇರೆ ಸುಳ್ಳು ತಕ್ಷಣಕ್ಕೆ ಹೊಳೆಯದೆ ಅದ್ದಿದೆ. ಧೈರ್ಯವಲ್ಲ, ಸಿಕ್ಕಿಬಿದ್ದದ್ದು. ಎರಡನೆಯ ಸಲ ಮಾತ್ರ ಯಾರೂ ಹೇಳದೆ ಅದ್ದಿದೆ, ಅಷ್ಟಾದರೂ ಒಪ್ಪಿಕೊಳ್ಳಿ. ಬಂದ ಹನ್ನೊಂದು ಜನರಲ್ಲಿ ಉಳಿದವರು ನಾಲ್ವರು.

"ಹೋಗೋರು ಹೋಗ್ಲಿ ಬುಡಿ, ನಮ್ಗೇ ಜಾಸ್ತಿ ಆಯ್ತು," ಎನ್ನುತ್ತಾ ಮಿಸ್ ಬಟ್ಟಲ ಅಂಚಿಗೆ ಹತ್ತಿದ ಚೀಸನ್ನು ರೊಟ್ಟಿಯ ಚೂರಲ್ಲಿ ಕೆರೆದು ಆಯಮ್ಮನ ಕೈಗಿಟ್ಟರು. ಮಾರನೆಯ ದಿನದಿಂದ ಮೇಷ್ಟರ ಕೋಣೆಯಲ್ಲಿ ಮಿಸ್ ಜೊತೆ ಮಾತಾಡುವವರು ಕಡಿಮೆಯಾದರು. ಅವರು ಗಮನಿಸಿದಂತೆ ಕಾಣಲಿಲ್ಲ… ಗಮನಿಸಿದ್ದರೇನೋ.

ಮಿಸ್ ಹೋದ ವರ್ಷ ತೀರಿಕೊಂಡರು. ನನಗೆ ತಿಳಿದದ್ದು ತಿಂಗಳ ಮೇಲೆ.

ಈ ಸಂಜೆ ನಮ್ಮ ಮದುವೆಯ ವಾರ್ಷಿಕೋತ್ಸವ. ಒಬ್ಬೊಬ್ಬರಿಗೂ ಬೇರೆ ಬೇರೆ ಹಾಕಿಕೊಡಿ, ಹೈಜೀನ್ ಮುಖ್ಯ ಎಂದು ನಾದಿನಿ ಎಚ್.ಡಿ. ಕೋಟೆಯಿಂದ ಪೇಪರ್ ಕಪ್ಪುಗಳ ಕಟ್ಟು ಕಳಿಸಿದ್ದಾಳೆ. ಎಂಜಲಿಗೆ ಈಗ ಒಳ್ಳೆಯ ಹೆಸರು ಸಿಕ್ಕಿದೆ. ನಮ್ಮ ಮನೆ ಒರೆಸಲು ಬರುವಾಕೆಯನ್ನೂ ಕರೆದಿದ್ದೇನೆ, ಕೆಲಸಕ್ಕಲ್ಲ. ಆಕೆ ಬಾಗಿಲಲ್ಲೇ ನಿಂತುಬಿಟ್ಟರೆ ಏನು ಹೇಳಬೇಕೆಂದು ಮಧ್ಯಾಹ್ನದಿಂದ ಅಭ್ಯಾಸ ಮಾಡುತ್ತಿದ್ದೇನೆ. ಮಿಸ್‌ಗೆ ಅಭ್ಯಾಸ ಬೇಕಿರಲಿಲ್ಲ… ಕೇಳೋಣವೆಂದರೆ ಅವರಿಲ್ಲ.

ಕಪ್ಪುಗಳ ಕಟ್ಟು ಬಿಚ್ಚಿಲ್ಲ. ಬಿಚ್ಚುವುದೂ ಇಲ್ಲ.