ಬೆನ್ನಿನ ಹುಳಕಡ್ಡಿ

ಹುಳಕಡ್ಡಿ ಎಲ್ಲಿ ಬೇಕಾದರೂ ಆಗಲಿ, ಒಂಟಿಯಾಗಿರುವವರ ಬೆನ್ನಿಗೆ ಮಾತ್ರ ಆಗಬಾರದು. ನನಗೆ ಅಲ್ಲೇ ಆಯಿತು, ನಟ್ಟನಡುವೆ, ಯಾವ ಕೈಯೂ ಮುಟ್ಟದ ಜಾಗದಲ್ಲಿ. ಬಳ್ಳಾರಿಯ ಒಂದು ಜೀನ್ಸ್ ಘಟಕದಲ್ಲಿ ನಾನು ಹೊಲಿಗೆಯವಳು. ಬೇಸಿಗೆಯಲ್ಲಿ ಬೆವರಿದ ಕುಪ್ಪಸ ಬೆನ್ನಿಗೆ ಅಂಟಿಕೊಂಡೇ ಸಂಜೆಯಾಗುತ್ತದೆ. ತುರಿಕೆ ತಾಳದೆ ಕನ್ನಡಿಗೆ ಬೆನ್ನು ಮಾಡಿ ಕುತ್ತಿಗೆ ತಿರುಚಿ ನೋಡಿದರೆ, ಬಳೆಯಷ್ಟು ಅಗಲದ ಕೆಂಪು ಉಂಗುರ.

ಚರ್ಮದ ಡಾಕ್ಟರಮ್ಮ ಒಂದು ಮುಲಾಮು ಬರೆದುಕೊಟ್ಟರು. ದಿನಕ್ಕೆ ಎರಡು ಸಲ, ಉಂಗುರದ ಅಂಚು ದಾಟಿ ಹಚ್ಚಬೇಕು, ಕಲೆ ಮಾಯವಾದ ಮೇಲೂ ಎರಡು ವಾರ ಬಿಡಬಾರದು, ಅಲ್ಲಿಯವರೆಗೆ ಟವೆಲ್ಲು ಹಾಸಿಗೆ ಯಾರ ಜೊತೆಗೂ ಹಂಚಿಕೊಳ್ಳಬಾರದು ಎಂದರು. ಹಚ್ಚಲು ಮನೆಯಲ್ಲಿ ಯಾರಾದರೂ ಇದ್ದಾರಲ್ಲ ಎಂದು ಕೇಳಿದರು. ಇದ್ದಾರೆ ಎಂದೆ.

ಇದ್ದದ್ದು ನಾನು ಮತ್ತು ನನ್ನ ಅಡಿಪಟ್ಟಿ. ಅದರ ತುದಿಗೆ ಬಟ್ಟೆ ಸುತ್ತಿ, ಮುಲಾಮು ಬಳಿದು, ಹೆಗಲ ಮೇಲಿಂದ ಇಳಿಬಿಟ್ಟು ಅಂದಾಜಿನಲ್ಲಿ ಸವರುತ್ತಿದ್ದೆ. ಅರ್ಧ ಮುಲಾಮು ಕುಪ್ಪಸದ ಪಾಲಾಗುತ್ತಿತ್ತು. ಪಕ್ಕದ ಕೋಣೆಯಾಕೆಯನ್ನು ಕೇಳಬಹುದಿತ್ತು. ಆದರೆ ಬೆನ್ನು ತೋರಿಸುವಷ್ಟು ಸಲುಗೆಯನ್ನು ನಾನು ಯಾರೊಂದಿಗೂ ಬೆಳೆಸಿಕೊಂಡವಳಲ್ಲ. ಆ ಬಿಗುಮಾನ ನನ್ನದೇ, ಅದರ ಫಲವೂ ನನ್ನದೇ.

ಪ್ರತಿ ಭಾನುವಾರ ನಾನು ಸಿರುಗುಪ್ಪಕ್ಕೆ, ಅಕ್ಕನ ಮನೆಗೆ ಹೋಗುವುದು ರೂಢಿ. ಅಕ್ಕನ ಮಗಳಿಗೆ ಆರು ವರ್ಷ. ನನ್ನ ಹಳೆಯ ಸೀರೆಗಳನ್ನೆಲ್ಲ ಸೇರಿಸಿ ಅವಳಿಗೊಂದು ಕೌದಿ ಹೊಲಿದುಕೊಟ್ಟಿದ್ದೆ. ಮಧ್ಯಾಹ್ನ ಉಂಡ ಮೇಲೆ ಅದನ್ನು ಹಾಸಿ, ನನ್ನ ಕೈಯನ್ನು ಎಳೆದು ತನ್ನ ಮೇಲೆ ಹಾಕಿಕೊಂಡು ಮಲಗುತ್ತಿದ್ದಳು. ವಾರವೆಲ್ಲ ಕಳೆದರೂ ನನ್ನನ್ನು ಮುಟ್ಟುವ ಜೀವ ಅದೊಂದೇ. ಡಾಕ್ಟರಮ್ಮನ ಮಾತಿಗಾಗಿ ಮೂರು ಭಾನುವಾರ ಕೆಲಸವಿದೆ ಎಂದು ಸುಳ್ಳು ಹೇಳಿ ಕೋಣೆಯಲ್ಲೇ ಕೂತೆ. ನಾಲ್ಕನೆಯ ವಾರ ತುರಿಕೆ ನಿಂತಿತು. ಕನ್ನಡಿಯಲ್ಲಿ ಉಂಗುರ ಕಾಣಲಿಲ್ಲ. ಇನ್ನೆರಡು ವಾರದ ಮಾತು ನೆನಪಿತ್ತು, ಮರೆತಿರಲಿಲ್ಲ. ಆದರೂ ಟ್ಯೂಬನ್ನು ಗೂಡಿನಲ್ಲಿಟ್ಟು ಸಿರುಗುಪ್ಪದ ಬಸ್ಸು ಹತ್ತಿದೆ. ಆ ಮಧ್ಯಾಹ್ನ ಅದೇ ಕೌದಿಯ ಮೇಲೆ ಇಬ್ಬರೂ ಮಲಗಿದೆವು. ನನಗೆ ಒಳ್ಳೆಯ ನಿದ್ದೆ ಬಂತು.

ಬೆನ್ನು ಮತ್ತೆ ತುರಿಸತೊಡಗಿದ್ದೇ ತಡ, ಅಕ್ಕನ ಫೋನು ಬಂತು. ಕೂಸಿನ ಕತ್ತಿನ ಮೇಲೆ ಒಂದು, ತೋಳಿನ ಮೇಲೆ ಒಂದು.

"ನಿನಗಿತ್ತೇನು?" ಅಂದಳು.

ಇತ್ತು ಎಂದೆ.

"ಗೊತ್ತಿದ್ದೂ ಕೂಸಿನ ಜೋಡಿ ಮಲಗಿದ್ಯಾ?"

ಬೈದಿದ್ದರೆ ನಾನೂ ತಿರುಗಿ ಬೈಯುತ್ತಿದ್ದೆ, ನಮ್ಮಿಬ್ಬರಿಗೂ ಅದು ಹೊಸದಲ್ಲ. ಅವಳು ಬೈಯಲಿಲ್ಲ. ಕೌದಿಯನ್ನು ಕುದಿಯುವ ನೀರಿಗೆ ಹಾಕಿದ್ದೇನೆ ಎಂದಷ್ಟೇ ಹೇಳಿ ಫೋನ್ ಇಟ್ಟಳು. ಬಾ ಎನ್ನುವ ಮಾತು ಅಂದಿನಿಂದ ನಿಂತುಹೋಯಿತು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಈ ಸಲ ಒಂದು ಹೊತ್ತೂ ತಪ್ಪಿಸಲಿಲ್ಲ. ಕಲೆ ಹೋದ ಮೇಲೂ ಹೇಳಿದಷ್ಟು ದಿನ ಹಚ್ಚಿದೆ. ಅಡಿಪಟ್ಟಿ ಈಗ ಸರಿಯಾದ ಜಾಗಕ್ಕೇ ಹೋಗುತ್ತಿತ್ತು. ಡಾಕ್ಟರಮ್ಮ ಬೆನ್ನು ನೋಡಿ, ಪೂರ್ತಿ ವಾಸಿಯಾಗಿದೆ ಎಂದರು. ಹಚ್ಚಿದವರು ಯಾರೋ, ಚೆನ್ನಾಗಿ ಹಚ್ಚಿದ್ದಾರೆ ಎಂದು ಮೆಚ್ಚಿಕೊಂಡರು.

ಅದಾದ ವಾರಕ್ಕೆ ಕೂಸೇ ಫೋನ್ ಮಾಡಿತು. "ಚಿಗವ್ವ, ನಂದು ಹೋತು. ನಿಂದು ಹೋತೇನು?"

ಅವಳ ಹಿಂದೆ ಅಕ್ಕ ಪಾತ್ರೆ ತಿಕ್ಕುವ ಸದ್ದು ಕೇಳುತ್ತಿತ್ತು. ಅದು ನಿಂತಿತು. ಹೋಗಿದ್ದರೆ ಬಾ ಅನ್ನು ಎಂದು ಅಕ್ಕ ಹೇಳಿಕೊಡಬಹುದೆಂದು ಕಾದೆ. ಅವಳು ಏನೂ ಹೇಳಲಿಲ್ಲ.

"ಇನ್ನೂ ಸ್ವಲ್ಪ ಐತವ್ವ" ಎಂದೆ.

ಪಾತ್ರೆಯ ಸದ್ದು ಮತ್ತೆ ಶುರುವಾಯಿತು.